ಸತ್ತವರನ್ನು ದುಡಿಸುವವರು ಯಾರು?

"ಎಂಥದಿದು ಮಾರಾಯ್ತಿ! ಇವಳ ಕಂಪ್ಯೂಟರಿನಲ್ಲಿ ಎಲುಬಿನ ಗೂಡುಗಳು ನಡೆದುಕೊಂಡು ಹೋಗುತ್ತಾವಲ್ಲ!" ಎಂದು ನಮ್ಮ ಚಿಕ್ಕಮ್ಮ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. 2023ರ ಆಟಿ ತಿಂಗಳು. ಬಿಜೈಯ ನಮ್ಮ ಮನೆಯ ಹೊರಗೆ ಮಳೆ ಹೊಯ್ಯುತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ನನ್ನ ಮಗಳು ಆಫೀಸಿನ ಕೆಲಸ ಮುಗಿಸಿ, ಚಹಾದ ಲೋಟ ಪಕ್ಕದಲ್ಲಿಟ್ಟುಕೊಂಡು ತನ್ನ ಪಾಡಿಗೆ ಆಡುತ್ತಿದ್ದಳು. ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಬಂದು ಪಿಸುಗುಟ್ಟಿದರು. "ಅಲ್ಲ ಮಗಾ, ಇವಳ ಮದುವೆಗೆ ಅಡ್ಡ ನಿಂತ ಕುಲೆಯನ್ನು ಸಮಾಧಾನ ಮಾಡಲು ನಾವೆಲ್ಲ ಓಡಾಡುವುದು. ಇವಳು ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಸತ್ತವರನ್ನು ಎಬ್ಬಿಸುವುದು. ಮತ್ತೆ ಸಂಬಂಧ ಕೂಡಿ ಬರುವುದು ಹೇಗೆ?"

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ನಮ್ಮ ತುಳುನಾಡಿನಲ್ಲಿ ಸತ್ತವರು ಪೂರ್ತಿ ಹೋಗಿಬಿಡುವುದಿಲ್ಲ. ಕುಲೆಯಾಗಿ ಮನೆಯ ಸುತ್ತಲೇ ಇರುತ್ತಾರೆ. ಆಟಿಯಲ್ಲಿ ಅವರಿಗೆ ಎಲೆ ಹಾಕಿ ಬಡಿಸುತ್ತೇವೆ. ಮದುವೆಯಾಗದೆ ಸತ್ತವರಿದ್ದರೆ ಅವರಿಗೂ ವಯಸ್ಸು ಬರುತ್ತದೆ, ಮದುವೆಯ ಆಸೆ ಹುಟ್ಟುತ್ತದೆ, ಅದು ಈಡೇರದಿದ್ದರೆ ಬದುಕಿರುವವರ ಮದುವೆಗೆ ತಡೆಯಾಗುತ್ತದೆ ಎಂದು ನಂಬಿಕೆ. ಆಗ ಹಾಗೆಯೇ ತೀರಿಹೋದ ಇನ್ನೊಂದು ಮನೆಯ ಮಗುವನ್ನು ಹುಡುಕಿ, ಬರಿ ನೋಡಿ, ಕುಲೆ ಮದಿಮೆ ಮಾಡುತ್ತಾರೆ. 2024ರ ಮೇ ತಿಂಗಳಲ್ಲಿ ಪುತ್ತೂರಿನ ಕಡೆಯ ಒಂದು ಕುಟುಂಬ, ಮೂವತ್ತು ವರ್ಷದ ಹಿಂದೆ ತೀರಿಹೋದ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ದೇಶದ ಪೇಪರುಗಳೆಲ್ಲ ಬೆರಗಾದವು. ನಮಗೇನೂ ಬೆರಗಾಗಲಿಲ್ಲ.

ನಮ್ಮ ಮನೆಯ ಕುಲೆ ನನ್ನ ತಂಗಿ. 1968ರಲ್ಲಿ ಜ್ವರ ಬಂದು ಹೋದಳು. ಅವಳಿಗಾಗ ಮೂರು ವರ್ಷ, ನನಗೆ ಆರು. ಮಗಳಿಗೆ ಬಂದ ಎರಡು ಸಂಬಂಧ ಮುರಿದ ಮೇಲೆ ಕುಟುಂಬದವರು ಬಲಿಮೆ ಕೇಳಿದರು. ತಂಗಿಯ ಹೆಸರು ಬಂತು. ಮೊದಲ ಸಂಬಂಧ ಮುರಿದದ್ದು ಹುಡುಗಿ ಕೆಲಸ ಬಿಡುವುದಿಲ್ಲ ಎಂದದ್ದಕ್ಕೆ, ಎರಡನೆಯದು ಹುಡುಗನ ಕಡೆಯವರು ಚಿನ್ನದ ಲೆಕ್ಕ ಕೇಳಿದ್ದಕ್ಕೆ ಎಂದು ಗೊತ್ತಿದ್ದವರೂ ಬಾಯಿ ಬಿಡಲಿಲ್ಲ. ಮೂರು ವರ್ಷದ ಮಗು ಐವತ್ತೈದು ವರ್ಷದ ನಂತರ ಅಪರಾಧಿಯಾಯಿತು.

ಆಯಿತು, ಮದುವೆ ಮಾಡಿದೆವು. ಮಂಜೇಶ್ವರದ ಕಡೆಯ ಒಂದು ಮನೆಯ ಹುಡುಗ, ಅವನೂ ಎಳವೆಯಲ್ಲೇ ಹೋದವನು. ಎರಡು ಮಣೆ, ಒಂದರ ಮೇಲೆ ಸೀರೆ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಮುಂಡು, ಶರ್ಟು. ನಾನು ಇದನ್ನು ತಮಾಷೆ ಮಾಡುವವಳಲ್ಲ. ಎಂಬತ್ತಮೂರು ವರ್ಷದ ನನ್ನ ತಾಯಿ ಆ ಸೀರೆಯ ನೆರಿಗೆ ಸರಿಮಾಡಿದ್ದನ್ನು ಕಂಡವರು ಯಾರೂ ತಮಾಷೆ ಮಾಡಲಾರರು. ಐವತ್ತೈದು ವರ್ಷ ಆ ಹೆಂಗಸಿಗೆ ಅಳಲು ಯಾರೂ ಒಂದು ದಿನ ಬಿಡುವು ಕೊಟ್ಟಿರಲಿಲ್ಲ. ಅವತ್ತು ಕೊಟ್ಟರು.

ಆದರೆ ನಮ್ಮಲ್ಲಿ ಮದುವೆಯಾಗದವರು ಕುಲೆ ಮದಿಮೆ ನೋಡುವಂತಿಲ್ಲ. ಯಾರ ಮದುವೆಗಾಗಿ ಇಷ್ಟೆಲ್ಲ ನಡೆಯಿತೋ ಆ ನನ್ನ ಮಗಳನ್ನು ಒಳಕೋಣೆಗೆ ಕಳಿಸಿ ಬಾಗಿಲು ಹಾಕಿದರು. ಊಟ ಬಡಿಸುವ ಹೊತ್ತಿಗೆ ಕರೆಯಲು ಹೋದೆ. ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದಳು. ಕಣ್ಣು ಕೆಂಪಾಗಿತ್ತು. "ಅಮ್ಮ, ನನ್ನ ಬಗ್ಗೆ ಎಲ್ಲರನ್ನೂ ಕೇಳಿದರು. ಸತ್ತವರನ್ನೂ ಕೇಳಿದರು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿ ಕುಳಿತು, "ಇದನ್ನು ಆಡುವುದು ಹೇಗೆ, ಹೇಳಿಕೊಡು" ಎಂದೆ.

ಹಾಗೆ ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ನೆಕ್ರೊಮ್ಯಾನ್ಸರ್ ಆದೆ. ಸತ್ತವರನ್ನು ಎಬ್ಬಿಸುವ ಮಾಂತ್ರಿಕನಿಗೆ ಆಟದಲ್ಲಿರುವ ಹೆಸರದು. ಆಟ ಡಯಾಬ್ಲೊ 2. ಮೊದಲು ಬಂದದ್ದು 2000ದಲ್ಲಿ, ಹೊಸ ಬಣ್ಣ ಬಳಿದು ಮತ್ತೆ ಬಂದದ್ದು 2021ರಲ್ಲಿ. ಇಂಟರ್‌ನೆಟ್ಟಿನಲ್ಲಿ ಎಂಟು ಮಂದಿಯವರೆಗೆ ಒಟ್ಟಿಗೆ ಆಡಬಹುದು. ನನ್ನ ಮಗಳು ಬೆಂಗಳೂರಿನಲ್ಲಿರುವ ಗೆಳತಿ, ಶಾರ್ಜಾದಲ್ಲಿರುವ ನನ್ನ ಅಣ್ಣನ ಮಗಳು, ಇವರ ಜೊತೆ ಆಡುತ್ತಾಳೆ. ಆಡುತ್ತಾ ಮೂವರೂ ಬಾಯಿ ತುಂಬ ಹರಟುತ್ತಾರೆ. ನಾವು ಬಾವಿಕಟ್ಟೆಯಲ್ಲಿ, ಬೀಡಿ ಕಟ್ಟುವ ಜಗಲಿಯಲ್ಲಿ ಹರಟಲಿಲ್ಲವೇ?

ಹೊಸದಾಗಿ ಆಡುವವರಿಗೆ ನಾನು ಕಲಿತಷ್ಟನ್ನು ಹೇಳುತ್ತೇನೆ. ಮೊದಲನೆಯದು, ಎಲುಬಿನ ಸೈನಿಕ ಗಾಳಿಯಿಂದ ಹುಟ್ಟುವುದಿಲ್ಲ. ಅವನಿಗೆ ಒಂದು ಹೆಣ ಬೇಕು. ಅಂದರೆ ಮೊದಲ ರಾಕ್ಷಸನನ್ನು ನಿಮ್ಮ ಕೈಯಲ್ಲಿರುವ ಸಣ್ಣ ಮಂತ್ರದಂಡದಿಂದ ನೀವೇ ಬಡಿದು ಕೊಲ್ಲಬೇಕು. ಆಟ ನಿಲ್ಲಿಸಿ ಹೊರಬಂದರೆ ಎಬ್ಬಿಸಿದ ಪಡೆಯೆಲ್ಲ ಮಾಯ. ಮರುದಿನ ಮತ್ತೆ ಒಂದರಿಂದ ಶುರು. ನಿನ್ನೆಯ ದೋಸೆಗೆ ಇವತ್ತಿನ ಹಸಿವು ಹೋಗುವುದಿಲ್ಲ ಎಂದು ತಿಳಿದ ನಮಗೆ ಇದೇನೂ ಹೊಸತಲ್ಲ.

ಎರಡನೆಯದು, ಪ್ರತಿ ಮಟ್ಟ ಏರಿದಾಗ ಸಿಗುವ ಒಂದು ವಿದ್ಯೆಯ ಅಂಕವನ್ನು ಹತ್ತು ಕಡೆ ಹರಡಬೇಡಿ. ಎಲುಬುಗೂಡು ಎಬ್ಬಿಸುವ ವಿದ್ಯೆಗೂ ಅವುಗಳನ್ನು ಗಟ್ಟಿ ಮಾಡುವ ವಿದ್ಯೆಗೂ ಹಾಕಿ. ಮೊದಲ ಮೂರು ಅಂಕಕ್ಕೆ ಒಂದೊಂದರಂತೆ ಮೂರು ಸೈನಿಕರು, ಆಮೇಲೆ ಮೂರು ಅಂಕಕ್ಕೆ ಒಬ್ಬ. ಒಂದು ಅಂಕ ಆಂಪ್ಲಿಫೈ ಡ್ಯಾಮೇಜ್ ಎಂಬ ಶಾಪಕ್ಕಿರಲಿ. ಆ ಶಾಪ ತಗಲಿದ ರಾಕ್ಷಸನಿಗೆ ನಿಮ್ಮವರ ಪೆಟ್ಟು ಇಮ್ಮಡಿಯಾಗುತ್ತದೆ. ಆರನೆಯ ಮಟ್ಟದಲ್ಲಿ ಮಣ್ಣಿನ ಗೊಂಬೆಯೊಂದು ಸಿಗುತ್ತದೆ. ಅದಕ್ಕೆ ಹೆಣ ಬೇಡ, ಹೊಸಬರಿಗೆ ದೊಡ್ಡ ಆಸರೆ. ಅದೇ ಮಟ್ಟದಲ್ಲಿ ಹೆಣವನ್ನು ಸಿಡಿಸುವ ವಿದ್ಯೆಯೂ ಬರುತ್ತದೆ. ಅದರ ಸದ್ದಿಗೆ ಮರುಳಾಗಿ ಎಲ್ಲವನ್ನೂ ಸಿಡಿಸಿದರೆ, ಸೈನಿಕ ಬಿದ್ದಾಗ ಎಬ್ಬಿಸಲು ಏನೂ ಉಳಿಯುವುದಿಲ್ಲ. ತಿಂಗಳ ಕೊನೆಯ ಅಕ್ಕಿಯ ಹಾಗೆ ಒಂದಿಷ್ಟು ಉಳಿಸಿಕೊಳ್ಳಿ.

ಇನ್ನು ದೇಹದ ಅಂಕಗಳು. ಕವಚ ತೊಡಲು ಬೇಕಾದಷ್ಟು ಮಾತ್ರ ಶಕ್ತಿಗೆ ಹಾಕಿ, ಹೆಚ್ಚಿನದನ್ನು ಆಯುಷ್ಯಕ್ಕೆ ಹಾಕಿ. ಪಡೆ ಮುಂದಿರಲಿ, ನೀವು ಹಿಂದಿರಿ. ಆದರೆ ನಿದ್ದೆ ಹೋಗಬೇಡಿ. ತಪ್ಪು ಮಾಡಿದಿರೆಂದು ಹೆದರಬೇಡಿ. ಮೊದಲ ಗುಹೆಯ ಕೆಲಸ ಮುಗಿಸಿದರೆ ಅಕಾರಾ ಎಂಬ ಹೆಂಗಸು ಹಂಚಿದ ಅಂಕಗಳನ್ನೆಲ್ಲ ಒಮ್ಮೆ ಹಿಂದಕ್ಕೆ ಕೊಡುತ್ತಾಳೆ. ಇನ್ನೊಮ್ಮೆ ಯೋಚಿಸಿ ಹಾಕಬಹುದು. ಹೆಣ್ಣಿಗೆ ಇಂಥ ಅವಕಾಶ ಕೊಡುವ ಊರು ಆಟದಲ್ಲಾದರೂ ಇದೆಯಲ್ಲ ಎಂದುಕೊಂಡೆ. ಕೊನೆಯ ಸೂಚನೆ ಮಗಳದ್ದು: ಗುರುತಿಲ್ಲದವರು ಆಟದ ನಡುವೆ "ನೀನು ಹುಡುಗಿಯಾ, ಯಾವ ಊರು, ನಂಬರು ಎಷ್ಟು" ಎಂದರೆ ಉತ್ತರಿಸದೆ ಹೊರಟುಬಿಡಿ. ರಾಕ್ಷಸರಿಗಿಂತ ಅವರೇ ಅಪಾಯ.

ಈಗ ಚಿಕ್ಕಮ್ಮನ ಆಕ್ಷೇಪಕ್ಕೆ ಬರೋಣ. ಅದು ಅವರೊಬ್ಬರದ್ದಲ್ಲ. ಬಸ್ಸಿನಲ್ಲಿ, ಮದುವೆ ಹಾಲಿನಲ್ಲಿ ಎಷ್ಟೋ ಮಂದಿ ನನಗೆ ಹೇಳಿದ್ದಾರೆ: ಹೆಣ್ಣುಮಕ್ಕಳಿಗೆ ಸತ್ತವರ ಸಹವಾಸ ಅಶುಭ. ಹೌದೇ? ಸತ್ತವರನ್ನು ಬಿಟ್ಟು ನಮ್ಮ ನಾಡಿಗೆ ಏನು ಉಳಿಯುತ್ತದೆ? ಕೋಟಿ ಚೆನ್ನಯರು ಒಂದು ಕಾಲದಲ್ಲಿ ತಾಯಿ ದೇಯಿಯ ಮಕ್ಕಳು. ಕಾರ್ಕಳದ ಗೊಮ್ಮಟನನ್ನು ಕೆತ್ತಿದವನೆಂದು ಪಾಡ್ದನ ಹೇಳುವ ಕಲ್ಕುಡನ ಕೈಕಾಲು ಕಡಿಸಿದವನು ಅರಸ. ಅಣ್ಣನಿಗಾದ ಅನ್ಯಾಯಕ್ಕೆ ಸೇಡು ತೀರಿಸಿದವಳು ತಂಗಿ ಕಲ್ಲುರ್ಟಿ. ಸತ್ತು ದೈವವಾದವರ ಮುಂದೆ ಇವತ್ತಿಗೂ ಕೈಮುಗಿದು ನಿಂತು ನ್ಯಾಯ ಕೇಳುತ್ತೇವೆ. ದೈವವನ್ನು ನಾನು ಆಟದ ಗೊಂಬೆಗೆ ಹೋಲಿಸುತ್ತಿಲ್ಲ. ಆಟದಲ್ಲಿ ಸತ್ತವರಿಗೆ ನಾವು ಅಪ್ಪಣೆ ಕೊಡುತ್ತೇವೆ, ಇಲ್ಲಿ ಅವರೇ ನಮಗೆ ಅಪ್ಪಣೆ ಕೊಡುತ್ತಾರೆ. ಅಜಗಜಾಂತರ. ನೆಕ್ರೊಮ್ಯಾನ್ಸರ್ ಎಂಬ ಪದದ ಗ್ರೀಕ್ ಮೂಲದಲ್ಲಿಯೂ ಇರುವುದು ಸತ್ತವರನ್ನು ಕೇಳಿ ಭವಿಷ್ಯ ತಿಳಿಯುವುದು ಎಂಬ ಅರ್ಥವೇ. ದುಡಿಸಿಕೊಳ್ಳುವುದು ಆಮೇಲೆ ಬಂದದ್ದು.

ನಮ್ಮ ಪಕ್ಕದ ಮನೆಯ ಕ್ಯಾಥೊಲಿಕ್ ಬಾಯಿಗೆ ಈ ಆಟದ ವಿಷಯ ಹೇಳಿದಾಗ ಅವರು ಬೈಬಲಿನ ಎಂದೋರಿನ ಹೆಂಗಸಿನ ಕತೆ ಹೇಳಿದರು. ಸತ್ತವರನ್ನು ಕರೆಯುವವರನ್ನೆಲ್ಲ ನಾಡಿನಿಂದ ಓಡಿಸಿದ ಸೌಲ ಅರಸ, ಯುದ್ಧದ ಭಯ ಹುಟ್ಟಿದ ರಾತ್ರಿ ವೇಷ ಮರೆಸಿಕೊಂಡು ಅಂಥವಳ ಮನೆಗೇ ಬರುತ್ತಾನೆ. ಅವಳು ತೀರಿಹೋದ ಪ್ರವಾದಿ ಸಮುವೇಲನನ್ನು ಎಬ್ಬಿಸುತ್ತಾಳೆ. ಮಾತು ಕೇಳಿ ಅರಸ ನೆಲಕ್ಕೆ ಬೀಳುತ್ತಾನೆ. ಆಗ ಕರು ಕೊಯ್ದು, ಹಿಟ್ಟು ನಾದಿ, ರೊಟ್ಟಿ ಸುಟ್ಟು ಅವನಿಗೆ ಉಣಿಸುವವಳೂ ಅವಳೇ. ಹಗಲು ನಿಷೇಧಿಸಿದವರು ರಾತ್ರಿ ಕೇಳಲು ಬರುತ್ತಾರೆ. ನಮ್ಮಲ್ಲೂ ಅಷ್ಟೇ ಅಲ್ಲವೇ?

ಹಾಗಾದರೆ ಸತ್ತವರನ್ನು ದುಡಿಸುತ್ತಿರುವವರು ಯಾರು? ನನ್ನ ಮಗಳು ದುಡಿಸುವುದು ಯಾರೋ ಬರೆದ ಚಿತ್ರಗಳನ್ನು. ಗುಂಡಿ ಒತ್ತಿದರೆ ಎದ್ದು, ಮತ್ತೊಂದು ಒತ್ತಿದರೆ ಮಾಯವಾಗುವಂಥವು. ಅದರಿಂದ ಯಾರ ಕೂದಲೂ ಕೊಂಕಲಿಲ್ಲ. ನಾವು ದುಡಿಸಿದ್ದು ನನ್ನ ತಂಗಿಯನ್ನು. ಹುಡುಗನ ಕಡೆಯವರ ಆಸೆಬುರುಕತನ ಹೇಳಲು ನಮಗೆ ಧೈರ್ಯವಿರಲಿಲ್ಲ, ಅವಳ ಹೆಸರು ಹೇಳಿದೆವು. "ಕೆಲಸ ಬಿಡುವುದಿಲ್ಲ" ಎಂದ ಮಗಳಿಗೆ ಎದುರು ಹೇಳಲು ಮಾತಿರಲಿಲ್ಲ, ಅವಳನ್ನು ಎಬ್ಬಿಸಿ ಮುಂದೆ ನಿಲ್ಲಿಸಿದೆವು. ಬದುಕಿರುವ ಹುಡುಗಿಯನ್ನು ಬಗ್ಗಿಸಲು ಸತ್ತ ಮಗುವನ್ನು ಕಳಿಸುವುದಕ್ಕಿಂತ ದೊಡ್ಡ ಮಾಟ ಯಾವ ಆಟದಲ್ಲಿದೆ? ಗಂಡುಮಕ್ಕಳು ಹಗಲೂ ರಾತ್ರಿ ಬಂದೂಕಿನ ಆಟ ಆಡುವಾಗ ಯಾವ ಚಿಕ್ಕಮ್ಮನೂ ಬಾಗಿಲಲ್ಲಿ ನಿಂತು ಶುಭ ಅಶುಭ ಹೇಳಿದ್ದನ್ನು ನಾನು ಕಂಡಿಲ್ಲ. ಇವರಿಗೆ ಸತ್ತವರ ಹೆದರಿಕೆಯಿಲ್ಲ. ಹೆಣ್ಣೊಬ್ಬಳು ಒಂದು ಗಂಟೆ ತನಗಾಗಿ ಕುಳಿತು ಅಪ್ಪಣೆ ಕೊಡುವುದನ್ನು ಕಂಡರೆ ಹೆದರಿಕೆ.

ಆಟದಲ್ಲಿ ಹುಳುಕಿಲ್ಲವೆಂದು ನಾನು ಹೇಳುವುದಿಲ್ಲ. ರಕ್ತ ಹೆಚ್ಚು, ಸಣ್ಣ ಮಕ್ಕಳ ಕೈಗೆ ಕೊಡಬಾರದು. ಹೊತ್ತು ಹೋದದ್ದು ತಿಳಿಯುವುದಿಲ್ಲ, ನಾನೇ ಒಂದು ದಿನ ಸಾರು ಸೀಯಿಸಿದ್ದೇನೆ. ಇನ್ನೊಂದು ಕೊರತೆಯನ್ನು ಕಂಡುಹಿಡಿದವರು ನನ್ನ ತಾಯಿ. ಒಂದು ಸಂಜೆ ನನ್ನ ಹಿಂದೆ ಕುಳಿತು ಬಹಳ ಹೊತ್ತು ನೋಡಿ, "ಇವರಿಗೆ ಹೆಸರಿಲ್ಲವಾ?" ಎಂದರು. ಇಲ್ಲವೆಂದೆ. "ಊಟ?" ಅದೂ ಇಲ್ಲವೆಂದೆ. "ಪಾಪ" ಎಂದರು. ಸತ್ತವರ ಬಗ್ಗೆ ನಮ್ಮ ಮನೆಯಲ್ಲಿ ಕೇಳಿದ ಅತ್ಯಂತ ಸರಿಯಾದ ಮಾತು ಅದು. ಅದರಲ್ಲಿ ಭಯವಿರಲಿಲ್ಲ, ಬೆದರಿಕೆಯೂ ಇರಲಿಲ್ಲ.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಎಲೆ ಹಾಕುವ ಸತ್ತವರಿರಬಹುದು, ಸಂಬಂಧ ಕೂಡಿಬರದ ಹುಡುಗಿಯೂ ಇರಬಹುದು. ಸತ್ತವರಿಗೆ ಬಡಿಸಿ. ಮದುವೆ ಮಾಡುವ ಮನಸ್ಸಿದ್ದರೆ ಮಾಡಿ, ಹೆತ್ತ ತಾಯಿಗೆ ಸಮಾಧಾನವಾಗುತ್ತದೆ. ಆದರೆ ಬಲಿಮೆಗೆ ಹೊರಡುವ ಮೊದಲು ಹುಡುಗಿಯನ್ನು ಕೂರಿಸಿ ಕೇಳಿ: ನಿನಗೇನು ಬೇಕು? ಅವಳು ಹೇಳಿದ್ದಕ್ಕೆ ಕುಲೆಯ ಹೆಸರು ಇಡಬೇಡಿ. ನನ್ನ ಮಗಳಿಗೆ ಈಗಲೂ ಮದುವೆಯಾಗಿಲ್ಲ. ನನ್ನ ತಂಗಿಯ ಮೇಲೆ ನಾವು ಹೊರಿಸಿದ ತಪ್ಪನ್ನು ಮಾತ್ರ ಈ ಆಟಿಯಲ್ಲಿ ಎಲೆಯ ಮುಂದೆ ಕುಳಿತು ನಾನು ಹಿಂದಕ್ಕೆ ತೆಗೆದುಕೊಂಡೆ.