‘ಇಲ್ಲ’ ಮತ್ತು ‘ಸಿಗಲಿಲ್ಲ’

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡ ವಿದ್ಯಾರ್ಥಿ ಲಿನಕ್ಸ್ ಕಲಿಯತೊಡಗಿದಾಗ ಬೇಗನೆ ಎದುರಾಗುವ ತೊಡಕು ‘ಕಮಾಂಡ್ ನಾಟ್ ಫೌಂಡ್’ ಎಂಬ ಸೂಚನೆ. ಹೊಸಬರು ಇದನ್ನು ‘ಆಜ್ಞೆಯೇ ಇಲ್ಲ’ ಎಂದು ಓದಿ, ವ್ಯವಸ್ಥೆ ಕೆಟ್ಟಿತೆಂದು ಬಗೆದು, ಎಲ್ಲವನ್ನೂ ಅಳಿಸಿ ಮರುಸ್ಥಾಪಿಸಲು ಹೊರಡುವುದುಂಟು; ಪ್ರತಿ ತೆಗೆದಿರಿಸದ ಪ್ರಬಂಧವೂ ಅದರೊಡನೆ ಹೋಗುತ್ತದೆ. ಸೂಚನೆ ಹೇಳುವುದು ‘ಸಿಗಲಿಲ್ಲ’ ಎಂದಷ್ಟೇ. ‘ಇಲ್ಲ’ಕ್ಕೂ ‘ಸಿಗಲಿಲ್ಲ’ಕ್ಕೂ ಇರುವ ಅಂತರವನ್ನು ಐಚ್ಛಿಕ ಕನ್ನಡದವರಿಗೆ ಬಿಡಿಸಿ ಹೇಳಬೇಕೆ?

ಗಣಕವು ಆಜ್ಞೆಯನ್ನು ಹುಡುಕುವುದು ‘ಪಾತ್’ ಎಂಬ ಪಟ್ಟಿಯಲ್ಲಿ ನಮೂದಾದ ಕಡತಕೋಶಗಳಲ್ಲಿ ಮಾತ್ರ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಎರಡನ್ನಷ್ಟೇ ತೆರೆದು, ಪದ ಸಿಗಲಿಲ್ಲವೆಂದಂತೆ. 2019ರ ಡೆಬಿಯನ್ 10ರಿಂದೀಚೆಗೆ ಬರಿಯ ‘ಎಸ್‌ಯು’ ಎಂದು ರೂಟ್ ಆದವರಿಗೆ ಸಾಮಾನ್ಯ ಬಳಕೆದಾರರ ಪಟ್ಟಿಯೇ ಉಳಿಯುತ್ತದೆ. ‘ಯೂಸರ್‌ಆಡ್’ ಮೊದಲಾದವು ನೆಲೆಸಿರುವ ‘ಎಸ್‌ಬಿನ್’ ಅದರಲ್ಲಿಲ್ಲ. ‘ಎಸ್‌ಯು’ ಮುಂದೆ ತೆರಪು ಬಿಟ್ಟು ಒಂದು ಅಡ್ಡಗೆರೆ ಹಾಕಿದರೆ ಅವು ಸಿಗುತ್ತವೆ. ‘ಇಫ್‌ಕಾನ್ಫಿಗ್’ನ ಕತೆ ಬೇರೆ: ಅದನ್ನೊಳಗೊಂಡ ನೆಟ್-ಟೂಲ್ಸ್ ಈಗ ಹಲವು ವಿತರಣೆಗಳಲ್ಲಿ ತಾನಾಗಿ ಬರುವುದಿಲ್ಲ, ಆ ಕೆಲಸವನ್ನು ‘ಐಪಿ’ ವಹಿಸಿಕೊಂಡಿದೆ.

ಇಂಥ ನಾಲ್ಕು ಸೂಚನೆಗಳ ಕನ್ನಡ ವಿವರಣೆಗೆ ಒಂದು ಹಾಳೆ ಸಾಕು. ವಿಭಾಗದ ಗಣಕದ ಪಕ್ಕದಲ್ಲಿ ಅಂಟಿಸಬಹುದು. ಅದನ್ನು ಬರೆಯಬೇಕಾದವರು ಗಣಕ ವಿಜ್ಞಾನದವರಲ್ಲ, ಐಚ್ಛಿಕ ಕನ್ನಡದವರೇ.