ಸುಳ್ಳು ಧರ್ಮ ಯಾವುದು, ತೀರ್ಪು ಯಾರದು?

ಎಲ್ಲಾದರೂ ಭೂಕಂಪ ಆದರೆ, ಯುದ್ಧ ಶುರುವಾದರೆ ಸಾಕು, ನಮ್ಮ ಮೊಬೈಲ್‌ಗಳಲ್ಲಿ ‘ಅಂತ್ಯಕಾಲ’ದ ರೀಲ್ಸ್ ಸುರಿಯತೊಡಗುತ್ತವೆ. ಗುಡುಗಿನ ಸದ್ದು, ಕೆಂಪು ಅಕ್ಷರ, ಬೈಬಲಿನ ಪ್ರಕಟನೆ ಪುಸ್ತಕದಿಂದ ಕಿತ್ತ ಒಂದು ವಾಕ್ಯ. ಸುಳ್ಳು ಧರ್ಮಗಳ ಮೇಲೆ ದೇವರ ತೀರ್ಪು ಬಂದೇ ಬಿಟ್ಟಿತು ಎನ್ನುವುದು ಒಟ್ಟು ಸಾರ. ಕಾಲಜ್ಞಾನದ ಹೆಸರಿನಲ್ಲಿ ಓಡಾಡುವ ವಿಡಿಯೊಗಳೂ ಏನು ಕಡಿಮೆಯಿಲ್ಲ ಬಿಡಿ.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಸೊರಬ ಕಡೆಯ ನನ್ನ ಸಹಪಾಠಿಯೊಬ್ಬ, ಕ್ಲಾಸಿನಲ್ಲಿ ನಮಗೆಲ್ಲ ಸಿಗ್ನಲ್ಸ್ ಪಾಠ ಹೇಳಿಕೊಡುವವನು, ‘ಇನ್ನೆಷ್ಟು ದಿನ ಅಂತ ಓದೋದು ಮಾರಾಯ’ ಎಂದು ಗೇಟ್ ಪರೀಕ್ಷೆಗೆ ಅರ್ಜಿಯನ್ನೇ ಹಾಕಲಿಲ್ಲ. ಅವನ ಮನೆಯವರು ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುವ ಸಜ್ಜನರು. ಅವರು ಮಗನಿಗೆ ಓದಬೇಡ ಎಂದವರಲ್ಲ. ಅವನನ್ನು ಕೆಡಿಸಿದ್ದು ಮೊಬೈಲು. ಅವನಿಂದಲೇ ಕನ್ನಡ ಬೈಬಲ್ ಪಡೆದು ಪ್ರಕಟನೆಯನ್ನು ಪೂರ್ತಿ ಓದಿದೆ.

ರೀಲ್ಸ್‌ನವರು ಎತ್ತಿ ತೋರಿಸುವುದು 17 ಮತ್ತು 18ನೇ ಅಧ್ಯಾಯ. ಮೃಗದ ಮೇಲೆ ಕುಳಿತ ಹೆಂಗಸು, ಮಹಾ ಬಾಬೆಲ್ ನಗರ, ಅದರ ಪತನ. ಈ ಬಾಬೆಲ್ ಯಾರು? ಅವಳು ಏಳು ಬೆಟ್ಟಗಳ ಮೇಲೆ ಕುಳಿತವಳಾದ್ದರಿಂದ ಅದು ಆ ಕಾಲದ ರೋಮ್ ಎಂದು ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ಮಾರ್ಟಿನ್ ಲೂಥರ್ ಕಾಲಕ್ಕೆ ಅದು ಪೋಪ್ ಆಯಿತು. ಈಗ ರೀಲ್ಸ್ ಮಾಡುವವರಿಗೆ ಯಾರು ಬೇಡವೋ ಅವರೇ ಬಾಬೆಲ್. ಅಚ್ಚರಿ ಎಂದರೆ, ಬಾಬೆಲ್ ಬಿದ್ದಾಗ ಗೋಳಾಡುವವರಲ್ಲಿ ವ್ಯಾಪಾರಿಗಳೂ ಇದ್ದಾರೆ. ಅವರ ಸರಕಿನ ಪಟ್ಟಿ ಚಿನ್ನ, ಬೆಳ್ಳಿಯಿಂದ ಶುರುವಾಗಿ ಮನುಷ್ಯರ ಮಾರಾಟದಲ್ಲಿ ಮುಗಿಯುತ್ತದೆ. ಇದನ್ನು ಯಾವ ರೀಲ್ಸ್‌ನಲ್ಲೂ ನಾನು ನೋಡಿಲ್ಲ. ಇನ್ನೊಂದು ವಿಷಯ: ಪುಸ್ತಕ ತೀರ್ಪು ಶುರು ಮಾಡುವುದು ಪರರಿಂದಲ್ಲ. ಆರಂಭದಲ್ಲೇ ಏಳು ಸಭೆಗಳಿಗೆ ಪತ್ರಗಳಿವೆ, ಏಳೂ ಕ್ರೈಸ್ತರವೇ. ಅದರಲ್ಲಿ ಐದಕ್ಕೆ ಬೈಗುಳ ಬಿದ್ದಿದೆ.

ದಿನಾಂಕದ ಮಾತಂತೂ ಇನ್ನೂ ವಿಚಿತ್ರ. ಆ ದಿನ ಯಾರಿಗೂ ಗೊತ್ತಿಲ್ಲ ಎಂದು ಮತ್ತಾಯನ ಸುವಾರ್ತೆ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಅಮೆರಿಕದ ವಿಲಿಯಂ ಮಿಲ್ಲರ್ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ನಂಬಿದರು, ಕೆಲವರು ಬೆಳೆ ಕೊಯ್ಯದೆ ಬಿಟ್ಟರು. ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೊ ಬೋಧಕ 2011ರ ಮೇ 21 ಎಂದ. ಅದು ಕಳೆದ ಮೇಲೆ ಅಕ್ಟೋಬರ್ 21 ಎಂದ. ಪ್ರಚಾರಕ್ಕೆಂದು ಉಳಿತಾಯದ ಹಣ ಸುರಿದವರಿದ್ದರು. ಗದ್ದೆ ಕೊಯ್ಯದೆ ಬಿಟ್ಟವನ ನಷ್ಟ ಎಷ್ಟೆಂದು ಶಿಕಾರಿಪುರದ ನಮಗೆ ಯಾರೂ ವಿವರಿಸಬೇಕಿಲ್ಲ.

ಈಗ ನಮ್ಮ ಊರಿಗೇ ಬರೋಣ. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು ಎಂದು ಎಲ್ಲರಿಗೂ ಗೊತ್ತು. ಅಲ್ಲಿನ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ್ದ ಕೋಡಿಯ ಮಠ ಕಾಳಾಮುಖ ಶೈವರದು. ಈ ಕಾಳಾಮುಖರ ಬಗ್ಗೆ ರಾಮಾನುಜರ ಶ್ರೀಭಾಷ್ಯದಲ್ಲಿ ಏನಿದೆ ಗೊತ್ತೇ? ತಲೆಬುರುಡೆಯಲ್ಲಿ ಉಣ್ಣುವವರು, ಹೆಣದ ಬೂದಿ ಬಳಿದುಕೊಳ್ಳುವವರು ಎಂದು. ಆದರೆ 1162ರ ಬಳ್ಳಿಗಾವಿಯ ಶಾಸನ ಬೇರೆಯೇ ಚಿತ್ರ ಕೊಡುತ್ತದೆ. ಆ ಮಠದಲ್ಲಿ ವೇದ, ವ್ಯಾಕರಣ, ನ್ಯಾಯ, ಸಾಂಖ್ಯದ ಜೊತೆಗೆ ಬೌದ್ಧ ದರ್ಶನವನ್ನೂ ಓದಿಸುತ್ತಿದ್ದರು. ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ ಅಲ್ಲಿ ಊಟ. ರೋಗಿಗಳಿಗೆ ಔಷಧ. ಎಲ್ಲ ಜೀವಿಗಳಿಗೂ ಅಭಯ. ಡೇವಿಡ್ ಲೊರೆಂಜನ್ ಎಂಬ ಸಂಶೋಧಕರು 1972ರ ತಮ್ಮ ಪುಸ್ತಕದಲ್ಲಿ ಇಂಥ ಶಾಸನಗಳನ್ನೇ ಮುಂದಿಟ್ಟು, ಕಾಳಾಮುಖರ ಆ ಕೆಟ್ಟ ಹೆಸರನ್ನು ಪ್ರಶ್ನಿಸಿದರು. ಶಾಸನ ಮಠದ ಪರವಾಗಿಯೇ ಬರೆಸಿದ್ದು, ಸ್ವಲ್ಪ ಹೊಗಳಿಕೆ ಇದ್ದೀತು. ಆದರೂ ಹೊಗಳಿಕೊಳ್ಳಲು ಅವರು ಆರಿಸಿಕೊಂಡದ್ದು ಅನ್ನ, ಔಷಧ, ಓದು. ಮತ್ತಾಯನ 25ನೇ ಅಧ್ಯಾಯದ ಅಂತಿಮ ತೀರ್ಪಿನಲ್ಲಿ ಕೇಳುವುದೂ ಇವನ್ನೇ: ಹಸಿದವರಿಗೆ ಉಣಬಡಿಸಿದೆಯಾ, ರೋಗಿಯನ್ನು ನೋಡಿಕೊಂಡೆಯಾ? ಇದನ್ನು ತೋರಿಸಿದಾಗ ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಕೇಳಿದ: ‘ಹಾಗಾದರೆ ಯಾವುದೂ ಸುಳ್ಳಲ್ವಾ? ಎಲ್ಲಾನೂ ಒಪ್ಪಿಕೊಂಡು ಬಿಡೋದಾ?’

ನ್ಯಾಯವಾದ ಪ್ರಶ್ನೆ. ಉತ್ತರ ಅವನ ತಾಲ್ಲೂಕಿನಲ್ಲೇ ಇದೆ. ಚಂದ್ರಗುತ್ತಿಯ ರೇಣುಕಾಂಬೆ ಜಾತ್ರೆಯಲ್ಲಿ ವರದಾ ನದಿಯಲ್ಲಿ ಮಿಂದು ಬೆತ್ತಲೆ ಸೇವೆ ಮಾಡುವ ಪದ್ಧತಿ ಇತ್ತು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಬಿದ್ದು, ಅವರದೇ ಬಟ್ಟೆ ಕಿತ್ತು ಹೊಡೆದರು. ಅದಾದ ಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಆಕಾಶದಿಂದ ಬೆಂಕಿ ಬೀಳಲಿ ಎಂದು ಯಾರೂ ಕಾಯಲಿಲ್ಲ. ಕೆಲವರು ಪೆಟ್ಟು ತಿಂದರು, ಕಾನೂನು ಬಂತು, ಪದ್ಧತಿ ಹೋಯಿತು. ದೇವಿ ಅಲ್ಲೇ ಇದ್ದಾಳೆ, ಭಕ್ತರೂ ಬರುತ್ತಾರೆ. ಮನುಷ್ಯರ ಮಾನ ಕಳೆಯುವ ಆಚರಣೆಯನ್ನು ಸುಳ್ಳು ಎನ್ನಲು ನನಗೆ ಹಿಂಜರಿಕೆಯಿಲ್ಲ. ಇಡೀ ಒಂದು ಜನಸಮೂಹವನ್ನು ನರಕಕ್ಕೆ ಕಳಿಸುವ ಅಧಿಕಾರ ಮಾತ್ರ ಇನ್‌ಸ್ಟಾಗ್ರಾಂ ಖಾತೆ ಇರುವವರಿಗೆಲ್ಲ ಸಿಕ್ಕಿರುವುದು ನನಗೆ ಒಪ್ಪಿಗೆಯಿಲ್ಲ.

ಗೆಳೆಯ ಪೂರ್ತಿ ಒಪ್ಪಿಲ್ಲ. ಅವನ ನಂಬಿಕೆ ಅವನಿಗಿರಲಿ, ಅದರ ಬಗ್ಗೆ ನನಗೆ ತಕರಾರಿಲ್ಲ. ಗೇಟ್ ಅರ್ಜಿ ಮುಂದಿನ ವರ್ಷವೂ ಕರೆಯುತ್ತಾರೆ, ಈ ಸಲ ಇಬ್ಬರೂ ಒಟ್ಟಿಗೆ ತುಂಬೋಣ ಎಂದಿದ್ದೇನೆ. ನೋಡೋಣ ಎಂದಿದ್ದಾನೆ.