ಉಳುಕಿನ ಮರೆಯಲ್ಲಿ ಮೂಳೆಯ ಪೆಟ್ಟು

ಕಬಡ್ಡಿ, ಕೊಕ್ಕೊ ಆಡುವ ಮಕ್ಕಳ ಕಾಲು ಉಳುಕುವುದು ಹೊಸದಲ್ಲ. ಆದರೆ ಆರು ವಾರ ಕಳೆದರೂ ನೋವು, ಊತ ಇಳಿಯದೆ, ಕೀಲು ಆಗಾಗ ಸಿಕ್ಕಿಕೊಂಡಂತಾಗುತ್ತಿದ್ದರೆ ಅದು ಬರೀ ಉಳುಕಲ್ಲದಿರಬಹುದು.

ಕಾಲಿನ ಎರಡು ಉದ್ದ ಮೂಳೆಗಳಿಗೂ ಹಿಮ್ಮಡಿ ಮೂಳೆಗೂ ನಡುವೆ ‘ಟೇಲಸ್’ ಎಂಬ ಮೂಳೆಯಿದೆ. ಇದರ ಅರ್ಧಕ್ಕಿಂತ ಹೆಚ್ಚು ಮೇಲ್ಮೈಯನ್ನು ನುಣುಪಾದ ಮೃದ್ವಸ್ಥಿ ಮುಚ್ಚಿರುವುದರಿಂದ ರಕ್ತನಾಳಗಳು ಒಳಹೊಗಲು ಜಾಗ ಕಡಿಮೆ. ಮೃದ್ವಸ್ಥಿಗಂತೂ ರಕ್ತನಾಳವೇ ಇಲ್ಲ. ಪಾದ ಹೊರಳಿದಾಗ ಇಲ್ಲಿ ಪೆಟ್ಟಾದರೆ ಮಾಯುವುದು ನಿಧಾನ.

ಇಂಥ ಗಾಯವನ್ನು 1959ರಲ್ಲಿ ಬರ್ನ್‌ಟ್ ಮತ್ತು ಹಾರ್ಟಿ ಎಂಬುವರು ನಾಲ್ಕು ಹಂತಗಳಾಗಿ ವಿಂಗಡಿಸಿದರು: ಮೂಳೆ ಜಜ್ಜಿರುವುದು, ಚೂರು ಅರ್ಧ ಬಿಟ್ಟಿರುವುದು, ಪೂರ್ತಿ ಬಿಟ್ಟರೂ ಸ್ಥಳದಲ್ಲೇ ಇರುವುದು, ಸ್ಥಳ ಬಿಟ್ಟು ಜಾರಿರುವುದು. ಮೊದಲ ಹಂತ ಎಕ್ಸ್-ರೇಯಲ್ಲಿ ಕಾಣದೇ ಹೋಗಬಹುದು. ಎಂ.ಆರ್.ಐ. ಮೃದ್ವಸ್ಥಿಯ ಸ್ಥಿತಿಯನ್ನೂ, ಸಿ.ಟಿ. ಮೂಳೆಚೂರಿನ ಗಾತ್ರವನ್ನೂ ತೋರಿಸುತ್ತವೆ.

ಬೆಳೆಯುವ ವಯಸ್ಸಿನಲ್ಲಿ ಚೂರು ಜಾರಿರದಿದ್ದರೆ, ಪಟ್ಟು ಹಾಕಿ ಕಾಲಿಗೆ ವಿಶ್ರಾಂತಿ ಕೊಟ್ಟರೆ ಹಲವರಿಗೆ ಸಾಕಾಗುತ್ತದೆ. ಇಲ್ಲವಾದರೆ ಶಸ್ತ್ರಚಿಕಿತ್ಸೆ. ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ನಳಿಕೆ ತೂರಿಸಿ, ಸಡಿಲ ಚೂರು ತೆಗೆದು, ಮೂಳೆಯಲ್ಲಿ ಸೂಕ್ಷ್ಮ ತೂತುಗಳನ್ನು ಮಾಡುತ್ತಾರೆ. ಒಸರಿದ ರಕ್ತ ಹೆಪ್ಪುಗಟ್ಟಿದ ಕಡೆ ನಾರಿನಂಥ ಮೃದ್ವಸ್ಥಿ ಬೆಳೆಯುತ್ತದೆ. ಅದು ಮೂಲದಷ್ಟು ಗಟ್ಟಿಯಲ್ಲ. ಗಾಯ ದೊಡ್ಡದಾದರೆ ಮಂಡಿಯಲ್ಲಿ ಭಾರ ಕಡಿಮೆ ಬೀಳುವ ಕಡೆಯಿಂದ ಮೂಳೆಸಮೇತ ಮೃದ್ವಸ್ಥಿಯನ್ನು ತೆಗೆದು ಕೂರಿಸುವುದೂ ಉಂಟು.

ಕಾಲೂರಲು ಆಗದಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ವಾರಗಳು ಕಳೆದರೂ ನೋವೆನ್ನುವ ಮಗುವನ್ನು ನೆಪ ಹೇಳುತ್ತಿದೆಯೆಂದು ಗದರದೆ ಮೂಳೆತಜ್ಞರ ಬಳಿ ಕರೆದೊಯ್ಯುವುದು ಲೇಸು. ಬಿಟ್ಟ ಚೂರಿನ ಮೇಲೆ ಓಡುತ್ತಲೇ ಇದ್ದರೆ ಕೀಲು ಎಳೆವಯಸ್ಸಿನಲ್ಲೇ ಸವೆಯಬಹುದು.